ಕೊಕ್ಕೆ, ಕಾಜ ಮತ್ತು ಕಾಮಾಲೆ ಮದ್ದು

ಮೂರು ತಾಲ್ಲೂಕಿಗೆ ಕಾಮಾಲೆ ಮದ್ದು ಕೊಡುತ್ತಿದ್ದ ನನ್ನ ಗಂಡನಿಗೇ ಕಾಮಾಲೆ ಬಂತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಎಲ್ಲಿ ಯಾರ ಕಣ್ಣು ಹಳದಿಯಾದರೂ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕೊಪ್ಪದ ನಮ್ಮ ಮನೆ ಜಗಲಿಗೆ ಬಂದು ಕೂರುತ್ತಿದ್ದರು. ಆ ವರ್ಷದ ಬೇಸಿಗೆಯಲ್ಲಿ ಜಗಲಿಯಲ್ಲಿ ಕೂತವರಿಗಿಂತ ಮದ್ದು ಕೊಡುವವರೇ ಹೆಚ್ಚು ಹಳದಿಯಾಗಿದ್ದರು. ಬಂದವರು ಮದ್ದು ನುಂಗುತ್ತಿದ್ದರು, ಅವರ ಮುಖ ನೋಡುತ್ತಿದ್ದರು, ಏನೂ ಕೇಳದೆ ಎದ್ದು ಹೋಗುತ್ತಿದ್ದರು. ಮರ್ಯಾದಸ್ಥ ಜನ.

ನಮ್ಮವರ ಕಸುಬು ಮದ್ದಲ್ಲ, ಹೊಲಿಗೆ. ಬಸ್ ಸ್ಟ್ಯಾಂಡಿನಿಂದ ಇಳಿದು ಬರುವ ರಸ್ತೆಯಲ್ಲಿ ಒಂದು ಅಂಗಡಿ. ಗಂಡಸರ ಪ್ಯಾಂಟು, ಶರ್ಟು, ಶಾಲೆ ಮಕ್ಕಳ ಯೂನಿಫಾರಂ, ಹೆಂಗಸರ ರವಿಕೆ. ರವಿಕೆಗೆ ಕೊಕ್ಕೆ ಹಾಕುವುದು, ಶರ್ಟಿನ ಗುಂಡಿ ತೂರುವ ಕಾಜ ಹೊಲಿಯುವುದು ನನ್ನ ಪಾಲಿಗೆ. ನಾನು ಎರಡನೇ ಕ್ಲಾಸಿನ ತನಕ ಹೋದವಳು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಬರೆಯಲು ಅಷ್ಟು ಸಾಕಿತ್ತು. ಇದನ್ನು ಬರೆಯಲಿಕ್ಕೂ ಸಾಲಬಹುದು.

ಮದ್ದು ಅವರಿಗೆ ಅಪ್ಪನಿಂದ ಬಂದದ್ದು, ಅಪ್ಪನಿಗೆ ಅಜ್ಜನಿಂದ. ಅದಕ್ಕೆ ಕಟ್ಟುಪಾಡುಗಳಿದ್ದವು. ದುಡ್ಡು ಮುಟ್ಟಬಾರದು. ಕೇಳಿ ಬಂದವರಿಗೆ ಇಲ್ಲ ಎನ್ನಬಾರದು. ಮದ್ದಿನ ದಿನ ಮನೆಯಲ್ಲಿ ಎಣ್ಣೆ ಕಾಯಿಸಬಾರದು. ಕೊಡುವವನು ತನ್ನ ಕೈಯ ಮದ್ದನ್ನು ತಾನೇ ತಿನ್ನಬಾರದು. ಎಲ್ಲಕ್ಕಿಂತ ದೊಡ್ಡದು, ಸೊಪ್ಪಿನ ಹೆಸರು ಆ ಮನೆಯವರ ಬಾಯಿಂದ ಹೊರಗೆ ಬರಬಾರದು. ಬಂದರೆ ಮದ್ದು ಅಲ್ಲಿಗೆ ಸತ್ತಿತು. ಆಮೇಲೆ ಅದು ಬರೀ ಸೊಪ್ಪು.

ಯಾವ ಸೊಪ್ಪು ಎಂದು ಊರಿಗೆಲ್ಲ ಗೊತ್ತಿತ್ತು. ನಮ್ಮ ಬಚ್ಚಲ ಹಿಂದೆ ಬೆಳೆಯುತ್ತಿತ್ತು, ಎಲ್ಲರ ಬಚ್ಚಲ ಹಿಂದೆಯೂ ಬೆಳೆಯುತ್ತಿತ್ತು, ಬಸ್ ಸ್ಟ್ಯಾಂಡಿನ ಚರಂಡಿ ಪಕ್ಕದಲ್ಲೂ ಇತ್ತು. ಆದರೆ ನಮ್ಮ ಬಾಯಿಂದ ಯಾರೂ ಕೇಳಿರಲಿಲ್ಲ, ಅದೇ ಅದರ ಶಕ್ತಿ. ಮನೆಯೊಳಗೆ ನಾವು ಅದನ್ನು ‘ಅದು’ ಎನ್ನುತ್ತಿದ್ದೆವು. ಗಂಡನ ಹೆಸರು ಹೇಳಬಾರದು ಎನ್ನುವ ಕಾಲದಲ್ಲಿ ಮದುವೆಯಾಗಿ ಬಂದವಳು ನಾನು. ಹೀಗೆ ನಮ್ಮ ಮನೆಯಲ್ಲಿ ಹೆಸರಿಲ್ಲದವು ಎರಡು: ಒಂದು ‘ಅದು’, ಇನ್ನೊಂದು ‘ಅವರು’. ಅದನ್ನು ಕಿತ್ತು ತೊಳೆದು ಅರೆಯುವವಳು ನಾನು. ಕೊಟ್ಟು ಪುಣ್ಯ ಕಟ್ಟಿಕೊಳ್ಳುವವರು ಅವರು.

ಮೊದಲು ಬಂದದ್ದು ತುರಿಕೆ. ಬಟ್ಟೆ ಅಳೆಯುವ ಮರದ ಕೋಲಿನಲ್ಲಿ ಬೆನ್ನು ಕೆರೆದುಕೊಳ್ಳುತ್ತಿದ್ದರು. ಜ್ವರವಿಲ್ಲ, ನೋವಿಲ್ಲ. ಉಚ್ಚೆ ಮಾತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ತಾವೇ ಹೊಲಿಗೆ ಬಿಚ್ಚಿ ಬಿಗಿ ಮಾಡಿಕೊಂಡರು, ಸ್ವಲ್ಪ ದಿನಕ್ಕೆ ಮತ್ತೆ ಬಿಚ್ಚಿ ಮತ್ತೆ ಬಿಗಿ ಮಾಡಿಕೊಂಡರು.

“ಕಣ್ಣು ಹಳದಿ ಆಗಿದೆ” ಎಂದೆ.

“ಲೈಟಿಂದು ಅದು.”

“ಲೈಟು ನನ್ನ ಕಣ್ಣಿಗೂ ಬೀಳ್ತದಲ್ಲ.”

“ನಿನ್ನ ಕಣ್ಣು ಮೊದಲಿಂದ್ಲೂ ಕೆಂಪು. ಅದ್ರಲ್ಲಿ ಎಂತ ಗೊತ್ತಾಗ್ತದೆ!”

ಡಾಕ್ಟರ ಹತ್ತಿರ ಹೋಗೋಣ ಎಂದರೆ ಕಿವಿ ಕೊಡಲಿಲ್ಲ.

“ಕಾಮಾಲೆ ಮದ್ದು ಕೊಡುವವ ಕಾಮಾಲೆ ಅಂತ ಡಾಕ್ಟ್ರ ಹತ್ರ ಹೋದ ಅಂದ್ರೆ ಮದ್ದಿನ ಮರ್ಯಾದೆ ಎಂತ ಆಗ್ಬೇಕು ಮಾರಾಯ್ತಿ? ನಾಳೆ ಯಾರಾದ್ರೂ ನಂಬ್ತಾರಾ?”

“ನೀವು ಸತ್ರೆ ನಂಬ್ತಾರಾ?”

“ಸತ್ರೆ ಹಣೆಬರಹ ಅಂತಾರೆ. ಆಸ್ಪತ್ರೆಗೆ ಹೋದ್ರೆ ಮದ್ದು ಸುಳ್ಳು ಅಂತಾರೆ.”

ಅಪ್ಪ ಅಜ್ಜ ಕಾಪಾಡಿಕೊಂಡು ಬಂದ ಮದ್ದು ತನ್ನ ಕೈಯಲ್ಲಿ ಸಾಯಬಾರದು, ತಾನು ಸತ್ತರೂ ಅಡ್ಡಿಯಿಲ್ಲ. ಇದು ಅವರ ಹಟ. ಅಷ್ಟು ಹಟವನ್ನು ಅವರು ನನ್ನನ್ನು ಕಟ್ಟಿಕೊಳ್ಳುವಾಗಲೂ ಮಾಡಿರಲಿಲ್ಲ.

ತನ್ನ ಕೈಯ ಮದ್ದು ತನಗೆ ಆಗದು. ಹಾಗಾದರೆ ಇನ್ನೊಬ್ಬರ ಕೈಯದ್ದು ಬೇಕು. ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನಲ್ಲಿ ಕಾಮಾಲೆ ಮದ್ದು ಕೊಡುವ ಇನ್ನೊಬ್ಬ ಮುದುಕರಿದ್ದರು. ಇಬ್ಬರೂ ಮುಖ ನೋಡಿ ಮಾತಾಡಿದವರಲ್ಲ. ಬಂದು ಹೋಗುವ ರೋಗಿಗಳ ಕೈಯಲ್ಲಿ ಮಾತು ಕಳಿಸುತ್ತಿದ್ದರು. ‘ಕೊಪ್ಪದವನ ಮದ್ದು ನಾಲಿಗೆಗೆ ಮಾತ್ರ ಕಹಿ’ ಎಂದು ಅಲ್ಲಿಂದ ಬರುವುದು. ‘ಕಡಹಿನಬೈಲಲ್ಲಿ ಪಿಶಾಚಿಗೂ ಕಾಮಾಲೆಗೂ ಒಂದೇ ಮದ್ದಂತೆ’ ಎಂದು ಇಲ್ಲಿಂದ ಹೋಗುವುದು. ಅಲ್ಲಿಗೆ ನಮ್ಮವರು ಹಳದಿ ಮುಖ ಹೊತ್ತುಕೊಂಡು ಬಸ್ಸು ಹತ್ತಿದರು. ಜೊತೆಗೆ ನಾನು.

ಆ ಮುದುಕರಿಗೆ ಬಾಯಲ್ಲಿ ಹಲ್ಲಿರಲಿಲ್ಲ. ಸಂತೋಷ ಪಡಲು ಹಲ್ಲು ಬೇಡ ಎಂದು ಅವತ್ತು ಗೊತ್ತಾಯಿತು.

“ಓಹೋಹೋ, ಕೊಪ್ಪದ ಟೈಲರು! ಬನ್ನಿ ಮಾರಾಯ್ರೆ, ಬನ್ನಿ. ಎಂತ, ಅಳತೆ ತಗೊಳ್ಳೋಕೆ ಬಂದ್ರಾ?”

“ಇಲ್ಲ. ಈ ಸಲ ಕೊಡೋಕೆ” ಎಂದರು ನಮ್ಮವರು.

“ಮುಂದೆ ಕೂತ್ಕೊಳ್ಳಿ, ಮುಂದೆ. ಎಲ್ರಿಗೂ ಕಾಣೋ ಹಾಗೆ ಕೂತ್ಕೊಳ್ಳಿ. ಏ, ಟೈಲರಿಗೆ ಜಾಗ ಬಿಡ್ರಾ!”

ಬಾಯಿಬಿಟ್ಟು ಹೀಯಾಳಿಸಲಿಲ್ಲ. ಉಪಚಾರದಲ್ಲೇ ಕೊಂದರು. ನಮ್ಮವರು ಕಣ್ಣು ಮುಚ್ಚಿ ಮದ್ದು ಕುಡಿದರು. ವಾಪಸ್ಸು ಬರುವಾಗ ಬಾಳೆಹೊನ್ನೂರು ದಾಟುವ ತನಕ ನಾಲಿಗೆಯಲ್ಲಿ ಹಲ್ಲು ಸವರುತ್ತ ಕೂತಿದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು.

“ಅದೇ.”

“ಎಂತ ಅದೇ?”

“ಅದೇ, ಅದು! ನಾವು ಮಜ್ಜಿಗೇಲಿ ಕೊಡ್ತೀವಿ, ಅವ ಹಾಲಲ್ಲಿ ಕೊಡ್ತಾನೆ. ಅಷ್ಟೇ ವ್ಯತ್ಯಾಸ. ಕಳ್ಳ!”

ಉಪ್ಪಿಲ್ಲದ ಗಂಜಿ, ಎಣ್ಣೆಯಿಲ್ಲದ ಪಲ್ಯದ ಪಥ್ಯ ಶುರುವಾಯಿತು. ಮುಖ ಹಳದಿಯಿಂದ ಹಿತ್ತಾಳೆಯ ಬಣ್ಣಕ್ಕೆ ಹೋಯಿತು. ಅಷ್ಟರಲ್ಲಿ ಶೃಂಗೇರಿಯ ನನ್ನ ತಂಗಿಯ ಮಗಳು ರವಿಕೆ ಹೊಲಿಸಲು ಬಂದಳು. ಘಟ್ಟದ ಕೆಳಗೆ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಏನೋ ಸಂಶೋಧನೆ ಮಾಡುವವಳು. ಕ್ಯಾನ್ಸರ್ ಕಣದ ಮೈಮೇಲಿನ ಪ್ರೋಟೀನು ನೋಡುವುದು ತನ್ನ ಕೆಲಸ ಎಂದು ಹಿಂದೊಮ್ಮೆ ಹೇಳಿದ್ದಳು. ಪ್ರೋಟೀನು ಎಂದರೆ ಬೇಳೆ ಎಂದುಕೊಂಡಿದ್ದೆ ನಾನು. ಬೇಳೆ ನೋಡಲು ಇಷ್ಟು ಓದಬೇಕೇ ಎಂದು ತಂಗಿಯ ಹತ್ತಿರ ಕೇಳಿಯೂ ಇದ್ದೆ.

ಆ ಕೂಸು ಅಳತೆ ಕೊಡಲು ನಿಂತದ್ದು ದೊಡ್ಡಪ್ಪನ ಮುಖ ನೋಡಿ ಕೈ ಇಳಿಸಿತು.

“ದೊಡ್ಡಪ್ಪ, ಕಕ್ಕಸ್ಸು ಯಾವ ಬಣ್ಣ ಹೋಗ್ತದೆ?”

“ಎಂತ ಕೂಸೇ, ಇದನ್ನ ಕೇಳೋಕೆ ನಿನ್ನನ್ನ ಇಷ್ಟು ಓದಿಸಿದ್ದಾ?”

“ಸುಣ್ಣದ ಬಣ್ಣ” ಎಂದೆ ನಾನು. “ಮೈ ತುರಿಕೆ. ಜ್ವರ ಇಲ್ಲ. ಪ್ಯಾಂಟು ಎರಡು ಸಲ ಬಿಗಿ ಆಗಿದೆ.”

ಅವಳು ರವಿಕೆ ಬಟ್ಟೆ ಮಡಚಿಟ್ಟಳು. “ನಾಳೆ ನನ್ನ ಜೊತೆ ಬರ್ತೀರಿ. ಬರದಿದ್ರೆ ನಿಮ್ಮ ಜಗಲೀಲಿ ಭಾನುವಾರ ನಾನು ಕೂತ್ಕೊಳ್ತೀನಿ. ಬಂದವರಿಗೆಲ್ಲ ಇದೇ ಪ್ರಶ್ನೆ ಕೇಳ್ತೀನಿ.”

ಇದಕ್ಕೆ ಹೆದರಿದರು. ಮದುವೆಗೆ ಹೋಗುತ್ತೇವೆ ಎಂದು ಅಕ್ಕಪಕ್ಕದವರಿಗೆ ಹೇಳಿ ಹೊರಟೆವು. ಅಷ್ಟು ಹಳದಿ ಮನುಷ್ಯ ಮದುವೆಗೆ ಹೊರಟರೆ ಅರಿಶಿನ ಶಾಸ್ತ್ರ ಮನೆಯಲ್ಲೇ ಮುಗಿಸಿಕೊಂಡ ಹಾಗಿತ್ತು. ಶೃಂಗೇರಿಯಲ್ಲಿ ತಂಗಿಯ ಮನೆಯಲ್ಲಿ ಗಂಜಿ ಕುಡಿದು ಘಟ್ಟ ಇಳಿದೆವು.

ಆಸ್ಪತ್ರೆಯ ಕಿಟಕಿಯಲ್ಲಿ ಕೂತಿದ್ದ ಹುಡುಗಿ ಕೇಳಿದಳು, “ಪೇಷೆಂಟ್ ಹೆಸರು?” ನಮ್ಮವರನ್ನು ಆಗಲೇ ಗಾಲಿ ಕುರ್ಚಿಯಲ್ಲಿ ಒಳಗೆ ತಳ್ಳಿಕೊಂಡು ಹೋಗಿದ್ದರು. ತಂಗಿಯ ಮಗಳು ಯಾರನ್ನೋ ಹುಡುಕಲು ಹೋಗಿದ್ದಳು. ಹಿಂದೆ ದೊಡ್ಡ ಸಾಲು. “ಹೆಸರು ಅಜ್ಜಿ, ಹೆಸರು!” ಹೇಳಿದೆ. ಮದುವೆಯಾದ ಮೇಲೆ ಮೊದಲ ಸಲ ಗಂಡನ ಹೆಸರು ಬಾಯಿಬಿಟ್ಟು ಹೇಳಿದೆ. ಏನೂ ಆಗಲಿಲ್ಲ. ಹುಡುಗಿ ಕಂಪ್ಯೂಟರಿನಲ್ಲಿ ಒತ್ತಿ “ವಯಸ್ಸು?” ಎಂದಳು.

ಸ್ಕ್ಯಾನು ಮಾಡಿದರು. ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಎಂದೊಂದು ಇರುತ್ತದಂತೆ. ಅದರ ತಲೆಯಲ್ಲಿ ಗಡ್ಡೆ. ಪಿತ್ತ ಇಳಿಯುವ ನಾಳವನ್ನು ಆ ಗಡ್ಡೆ ಒತ್ತಿ ಹಿಡಿದಿತ್ತು, ಪಿತ್ತ ಹೋಗಲು ದಾರಿಯಿಲ್ಲದೆ ಮೈಗೆ ಏರಿತ್ತು. ಕ್ಯಾನ್ಸರ್. ಲಿವರಿಗೂ ಹರಡಿದೆ, ಕೊಯ್ದು ತೆಗೆಯುವ ಹಾಗಿಲ್ಲ, ಬಾಯಿಯ ಮೂಲಕ ಒಂದು ಪೈಪು ಇಳಿಸಿ ನಾಳ ಬಿಡಿಸುತ್ತೇವೆ, ಹಳದಿ ಇಳಿಯುತ್ತದೆ, ಆದರೆ ರೋಗ ಇಳಿಯುವುದಿಲ್ಲ ಎಂದರು ಡಾಕ್ಟರು. ಕನ್ನಡದಲ್ಲೇ ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದ್ದರೆ ಒಂದು ಗಂಟೆಯಾದರೂ ನೆಮ್ಮದಿ ಇರುತ್ತಿತ್ತು.

ಪೈಪು ಹಾಕಿದ ಮಾರನೇ ದಿನ ನಾನು ಮಂಚದ ಪಕ್ಕ ಕೂತು ರವಿಕೆಗಳಿಗೆ ಕೊಕ್ಕೆ ಹಾಕುತ್ತಿದ್ದೆ. ಯಾರದ್ದೋ ಮನೆಯ ಗೃಹಪ್ರವೇಶದ ರವಿಕೆಗಳು. ಅವರ ಗೃಹಪ್ರವೇಶ ನಮ್ಮ ಗಡ್ಡೆಗೆ ಕಾಯುವುದಿಲ್ಲ. ತಂಗಿಯ ಮಗಳು ಬಂದು ಕೂತಳು.

“ಅಲ್ಲ ಕೂಸೇ, ನೀನು ನೋಡೂದು ಇದನ್ನೇ ಅಂತೆ. ಎಂತದು ಹೇಳು” ಎಂದರು ನಮ್ಮವರು.

ಅವಳು ನನ್ನ ಕೈಯಿಂದ ರವಿಕೆ ಎಳೆದುಕೊಂಡಳು.

“ಇದೇ ದೊಡ್ಡಪ್ಪ. ಮೈಯೆಲ್ಲ ಕಣ. ಒಂದೊಂದು ಕಣದ ಹೊರಮೈಯಲ್ಲೂ ಪ್ರೋಟೀನಿನ ಕೊಕ್ಕೆ, ಕಾಜ ತುಂಬಿಕೊಂಡಿರ್ತವೆ. ಕೆಲವು ಕೊಕ್ಕೆ ಪಕ್ಕದ ಕಣವನ್ನ ಹಿಡ್ಕೊಳ್ಳೋಕೆ. ಅದಿದ್ರೆ ಎಲ್ಲ ಸಾಲಲ್ಲಿ ನಿಂತಿರ್ತವೆ. ಕಾಜ ಇರೋದು ಹೊರಗಿನ ಸುದ್ದಿಗೆ. ಗುಂಡಿ ಬಂದು ಕಾಜದಲ್ಲಿ ಕೂತ್ರೆ ಒಳಗೆ ಗೊತ್ತಾಗ್ತದೆ, ಬೆಳಿ ಅಂತ. ಗುಂಡಿ ಬಿಟ್ಕೊಂಡ್ರೆ, ಸಾಕು ನಿಲ್ಲು ಅಂತ.”

“ಸರಿ. ನನ್ನ ಗಡ್ಡೆಗೆ ಎಂತ ಆಗಿದೆ?”

“ಈ ಜಾತಿ ಗಡ್ಡೆಯಲ್ಲಿ ಕಾಜ ಬೇಕಾದ್ದಕ್ಕಿಂತ ಜಾಸ್ತಿ ಹುಟ್ಕೊಳ್ತವೆ. ಪಿಸುಮಾತು ಬಂದ್ರೂ ಕೂಗಿದ ಹಾಗೆ ಕೇಳ್ತದೆ. ಅದು ಸಾಲದು ಅಂತ ಒಳಗಿನ ಸ್ವಿಚ್ಚೂ ಹಾಳಾಗಿರ್ತದೆ, ಗುಂಡಿ ಬರದಿದ್ರೂ ಬೆಳಿ ಬೆಳಿ ಅಂತಾನೇ ಇರ್ತದೆ.”

“ಹರಡೂದು ಹೆಂಗೆ?” ಇದನ್ನು ಕೇಳಿದ್ದು ನಾನು.

“ಪಕ್ಕದವರನ್ನ ಹಿಡಿದಿದ್ದ ಕೊಕ್ಕೆ ಬಿದ್ದು ಹೋಗ್ತದೆ ದೊಡ್ಡಮ್ಮ. ಕಣ ಬಿಡಿ ಆಗ್ತದೆ. ಅದ್ರ ಮೈಮೇಲೆ ಬೇರೆ ಥರದ ಕೊಕ್ಕೆ ಏಳ್ತದೆ. ಅದ್ರಲ್ಲಿ ಸಿಕ್ಕಿದ ಜಾಗ ಹಿಡ್ಕೊಂಡು ಹಿಡ್ಕೊಂಡು ರಕ್ತದ ನಾಳಕ್ಕೆ ಇಳೀತದೆ, ಲಿವರಿಗೆ ಹೋಗಿ ಅಲ್ಲಿ ಸಿಕ್ಕಿಕೊಳ್ತದೆ.”

ಇದು ನನಗೆ ಹೇಳಿಕೊಡಬೇಕಾದ ವಿಷಯವಲ್ಲ. ರವಿಕೆಯಲ್ಲಿ ಇರಬೇಕಾದ ಕಡೆಯಿಂದ ಬಿಟ್ಟುಕೊಂಡ ಕೊಕ್ಕೆ ಸುಮ್ಮನೆ ಉದುರಿ ಹೋಗುವುದಿಲ್ಲ. ಸೆರಗಿಗೆ ಸಿಕ್ಕುತ್ತದೆ, ಪಕ್ಕದವಳ ಸೀರೆಗೆ ಸಿಕ್ಕುತ್ತದೆ, ಹರಿದ ಮೇಲೆಯೇ ಗೊತ್ತಾಗುವುದು.

“ಮೈಯಲ್ಲಿ ಕಾವಲಿನ ಕಣ ಇರ್ತವೆ ಅಂತೀರಲ್ಲ. ಅವು ಎಂತ ಮಾಡ್ತವೆ, ಬೀಡಿ ಸೇದ್ತವಾ?” ಎಂದರು ನಮ್ಮವರು.

“ಇವು ಮೈಮೇಲೆ ಒಳ್ಳೆ ಕಣದ ಗುರುತು ಹಾಕ್ಕೊಂಡಿರ್ತವೆ. ಕಾವಲಿನವು ನೋಡಿ, ನಮ್ಮವರೇ ಅಂತ ಬಿಟ್ಟುಬಿಡ್ತವೆ.”

“ಯೂನಿಫಾರಂ!” ಮಂಚದಲ್ಲಿ ಎದ್ದೇ ಕೂತರು. “ಬೇರೆ ಶಾಲೆ ಮಾಣಿ ನಮ್ಮ ಶಾಲೆ ಯೂನಿಫಾರಂ ಹಾಕಿ ಬಿಸಿಯೂಟಕ್ಕೆ ಕೂತ ಹಾಗೆ. ಯಾವನೋ ಒಳ್ಳೆ ಟೈಲರೇ ಹೊಲಿದಿರ್ಬೇಕು. ಸರಿ, ಆ ಕಾಜಕ್ಕೆ ಹೊಲಿಗೆ ಹಾಕಿ ಮುಚ್ಚೋಕೆ ಆಗೂದಿಲ್ವಾ?”

“ಅದನ್ನೇ ನಮ್ಮ ಲ್ಯಾಬಲ್ಲಿ ನೋಡ್ತಿರೋದು. ಒಂದು ಮುಚ್ಚಿದ್ರೆ ಇನ್ನೊಂದು ತೆರ್ಕೊಳ್ತದೆ.”

“ಇಷ್ಟು ವರ್ಷದಲ್ಲಿ ಒಂದು ರವಿಕೆಯಾದ್ರೂ ಆಯ್ತಾ?”

“ಇಲ್ಲ ದೊಡ್ಡಪ್ಪ. ಬರೀ ಅಳತೆ.”

ಇಬ್ಬರೂ ನಕ್ಕರು. ಆಮೇಲೆ ಅವರು ಛಾವಣಿಯ ಫ್ಯಾನು ನೋಡುತ್ತ ಕೇಳಿದರು, ಕಡಹಿನಬೈಲಿನ ಪಥ್ಯ ಮಾಡದೆ ನೇರ ಇಲ್ಲಿಗೆ ಬಂದಿದ್ದರೆ? ಅವಳು ಸುಳ್ಳು ಹೇಳುವ ಜಾತಿಯವಳಲ್ಲ. “ನಿಮ್ಮದು ಗೊತ್ತಿಲ್ಲ. ಕೊಕ್ಕೆ ಕಳಚಿಕೊಳ್ಳೋ ಮುಂಚೆ ಬಂದ ಕೆಲವರಿಗೆ ಕೊಯ್ದು ತೆಗೀತಾರೆ. ಅಂಥವರು ಬದುಕಿದ್ದಾರೆ” ಎಂದಳು.

“ನಮ್ಮ ಮದ್ದು?”

“ಸಾಧಾರಣ ಕಾಮಾಲೆ ಹೆಚ್ಚಿನವರಿಗೆ ತಾನಾಗಿಯೇ ಇಳೀತದೆ ದೊಡ್ಡಪ್ಪ. ನೀವು ಪಥ್ಯ ಅಂತ ಹೆಂಡ ಬಿಡಿಸ್ತೀರಲ್ಲ, ಅದು ಒಳ್ಳೇದೇ.”

ವಾಪಸ್ಸು ಘಟ್ಟ ಹತ್ತಿ ಶೃಂಗೇರಿಗೆ ಬಂದೆವು. ಊರು ಕಂಡ ಮೇಲೆ ಹೇಳಿದರು, “ಮೂರು ತಲೆಮಾರು ಹೆಂಡ ಬಿಡಿಸಿದ್ವಿ ಅಂತ ಆಯ್ತು.”

ಪೈಪು ತನ್ನ ಕೆಲಸ ಮಾಡಿತು. ಸ್ವಲ್ಪ ದಿನದಲ್ಲಿ ಕಣ್ಣು ಬೆಳ್ಳಗಾಯಿತು, ತುರಿಕೆ ನಿಂತಿತು, ಹೊಟ್ಟೆ ಹಸಿಯಿತು. ಅಂಗಡಿ ಬಾಗಿಲು ತೆಗೆದು ಮೆಷಿನ್ನಿನ ಮುಂದೆ ಕೂತರು. ಮೈಮೇಲೆ ಒಂದು ಹೊಲಿಗೆಯ ಗುರುತಿಲ್ಲ. ಮದುವೆಗೆ ಹೋದ ಮನುಷ್ಯ ಹಳದಿ ಬಿಟ್ಟು ಬಂದದ್ದನ್ನು ಊರು ನೋಡಿತು. ಊರು ಸುಮ್ಮನೆ ನೋಡುವುದಿಲ್ಲ, ಕಾರಣವನ್ನೂ ಹುಡುಕಿಕೊಳ್ಳುತ್ತದೆ. ಕಡಹಿನಬೈಲಿನ ಮದ್ದು ಕೊಪ್ಪದ ಟೈಲರಿಗೇ ಹಿಡಿಯಿತು ಎಂದು ನರಸಿಂಹರಾಜಪುರದ ಕಡೆ ಸುದ್ದಿಯಾಯಿತು. ಅಲ್ಲಿನ ಮುದುಕರೇ ಹೇಳಿದರಂತೆ, “ಅವ ಕೊನೆಗೂ ನನ್ನ ಹತ್ರಾನೇ ಬರ್ಬೇಕಾಯ್ತು” ಎಂದು.

ಸಾವಿನ ಸುದ್ದಿಯನ್ನು ಫ್ಯಾನು ನೋಡುತ್ತ ಕೇಳಿಸಿಕೊಂಡಿದ್ದ ಮನುಷ್ಯ ಈ ಸುದ್ದಿಗೆ ಕತ್ತರಿ ಬಿಸಾಡಿದರು.

“ಅವನ ಮದ್ದಂತೆ! ಹಾಲಲ್ಲಿ ಕದಡಿದ ಕಸ!”

“ಹಾಗಾದ್ರೆ ಪೈಪು ಅಂತ ಹೇಳಿ.”

“ಪೈಪು ಅಂದ್ರೆ ನಮ್ಮದೂ ಹೋಗ್ತದಲ್ಲ!”

ಅವರ ಸಂಕಟ ಹೀಗಿತ್ತು. ಎದುರಾಳಿಯ ಮದ್ದು ಸುಳ್ಳು ಎಂದರೆ ತಮ್ಮದೂ ಸುಳ್ಳು. ತಮ್ಮದು ಉಳಿಯಬೇಕೆಂದರೆ ಅವನಿಗೆ ಹೊಗಳಿಕೆ. ಬಾಯಿ ಮುಚ್ಚಿ ಕೂತರು. ಬಾಯಿ ಮುಚ್ಚಿದಷ್ಟೂ ಎರಡೂ ಜಗಲಿಗೆ ಜನ ಹೆಚ್ಚಾದರು. ಭಂಡಿಗಡಿಯಿಂದ ಜೀಪು ಮಾಡಿಕೊಂಡು ಬಂದರು. ಕಾಮಾಲೆ ಇಲ್ಲದವರೂ ಮುಂದೆ ಬಂದೀತೆಂದು ಬಂದರು. ನಾನು ಅರೆದೆ. ಅವರು ಕೊಟ್ಟರು. ಆದರೆ ಕೊಡುವ ಮುಂಚೆ ಈಗ ಒಂದೊಂದೇ ಮುಖ ನೋಡುತ್ತಿದ್ದರು. ಯಾರನ್ನು ಹುಡುಕುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಸಿಗದಿರಲಿ ಎಂದು ಹುಡುಕುತ್ತಿದ್ದರು.

ಒಂದು ಭಾನುವಾರ ಸಿಕ್ಕಿದ.

ಕೊಪ್ಪದ ಪಕ್ಕದ ನಾರ್ವೆ ಊರಿನ ಟ್ರ್ಯಾಕ್ಟರ್ ಡ್ರೈವರು. ಜೋರು ಬಾಯಿಯ ಮನುಷ್ಯ, ನಮ್ಮ ಅಂಗಡಿಯ ಹಳೇ ಗಿರಾಕಿ. ಹೋದ ತಿಂಗಳು ಪ್ಯಾಂಟಿನ ಸೊಂಟ ಬಿಗಿ ಮಾಡಿಸಿಕೊಂಡು ಹೋಗಿದ್ದ. ಈಗ ಅದೇ ಪ್ಯಾಂಟಿಗೆ ಹಗ್ಗ ಕಟ್ಟಿಕೊಂಡು ಬಂದಿದ್ದ. ಕೂತಲ್ಲಿ ಮೊಣಕೈ ಕೆರೆಯುತ್ತಿದ್ದ. ಹೆಂಡತಿ ಪಕ್ಕದಲ್ಲಿ ಚೊಂಬು ಹಿಡಿದು ಕೂತಿದ್ದಳು.

ನಮ್ಮವರ ಕೈಯಲ್ಲಿ ಮಜ್ಜಿಗೆಯ ಲೋಟ ನಿಂತಿತು. “ಜ್ವರ ಉಂಟಾ?”

“ಇಲ್ಲ.”

“ನೋವು?”

“ಎಂತದೂ ಇಲ್ಲ. ಬರೀ ತುರಿಕೆ, ಮತ್ತೆ ಈ ಬಣ್ಣ. ಟ್ರ್ಯಾಕ್ಟರಿಗೂ ನಂಗೂ ಒಂದೇ ಪೈಂಟು ಹೊಡೆದ ಹಾಗೆ.”

“ಕಕ್ಕಸ್ಸು ಯಾವ ಬಣ್ಣ?”

ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದಳು, “ಗೋಡೆಗೆ ಬಳಿಯೋ ಸುಣ್ಣ ಇದ್ದ ಹಾಗೆ.”

“ನೀನು ಘಟ್ಟದ ಕೆಳಗೆ ಹೋಗು ಮಾರಾಯ. ಇವತ್ತೇ ಹೋಗು. ಸ್ಕ್ಯಾನು ಮಾಡ್ಸು” ಎಂದರು ನಮ್ಮವರು.

ಡ್ರೈವರು ನಕ್ಕ. “ಎಂತ ತಮಾಷೆ ಮಾಡ್ತೀರಿ? ನಿಮ್ಮನ್ನ ನೋಡಿಯೇ ಬಂದದ್ದು ನಾನು. ನಿಮ್ಮದು ನನಗಿಂತ ಜೋರು ಹಳದಿ ಇತ್ತು. ಈಗ ನೋಡಿ, ಮದುಮಗನ ಹಾಗಿದ್ದೀರಿ.”

“ಅದು ಬೇರೆ.”

“ಎಂತ ಬೇರೆ? ಕೊಡೋಕೆ ಮನಸ್ಸಿಲ್ಲ ಅಂದ್ರೆ ಹೇಳಿ, ಕಡಹಿನಬೈಲಿಗೆ ಹೋಗ್ತೀನಿ. ಕೇಳಿ ಬಂದವರಿಗೆ ಇಲ್ಲ ಅನ್ನಬಾರ್ದು ಅಂತ ನಿಮ್ಮ ಅಪ್ಪ ಹೇಳ್ತಿದ್ರಪ್ಪ!”

ಸಾಲಿನಲ್ಲಿದ್ದವರೆಲ್ಲ ಹೌದು ಹೌದು ಎಂದರು. ನಮ್ಮವರು ಲೋಟ ನೋಡಿದರು, ಡ್ರೈವರನ ಹಗ್ಗ ನೋಡಿದರು, ಗೋಡೆಯ ಮೇಲಿದ್ದ ಅಪ್ಪನ ಫೋಟೋ ನೋಡಿದರು. ಬಾಯಿ ತೆರೆದರು. ಏನೂ ಬರಲಿಲ್ಲ. ಮತ್ತೆ ತೆರೆದರು. ಪೈಪು ಇಳಿಸುವಾಗ ಅಷ್ಟು ಚೆನ್ನಾಗಿ ತೆರೆದ ಬಾಯಿ ಅದು. ಆಮೇಲೆ ಕೈ ಮುಂದೆ ಹೋಯಿತು. ಲೋಟ ಡ್ರೈವರನ ಕೈಗೆ ದಾಟುತ್ತಿತ್ತು. ಕುಡಿದರೆ ಪಥ್ಯ, ಪಥ್ಯ ಎಂದರೆ ಒಂದು ತಿಂಗಳು. ಆ ತಿಂಗಳಲ್ಲಿ ಅವನ ಹೊಟ್ಟೆಯಲ್ಲಿ ಕೊಕ್ಕೆ ಕಾಯುತ್ತದೆಯೋ ಕಳಚಿಕೊಳ್ಳುತ್ತದೆಯೋ ಹೇಳುವವರಾರು.

ನಾನು ಒಳಬಾಗಿಲಲ್ಲಿ ಅರೆಯುವ ಕೈಯಲ್ಲೇ ನಿಂತಿದ್ದೆ.

“ನೆಲನೆಲ್ಲಿ” ಎಂದೆ.

ಯಾರಿಗೂ ತಕ್ಷಣ ತಿಳಿಯಲಿಲ್ಲ. ಹಾಗಾಗಿ ಇನ್ನೊಮ್ಮೆ ಹೇಳಿದೆ, ಗಟ್ಟಿಯಾಗಿ, ಸಾಲಿನ ಕೊನೆಯವರಿಗೂ ಕೇಳುವ ಹಾಗೆ. “ನೆಲನೆಲ್ಲಿ. ಮಜ್ಜಿಗೇಲಿ ಅರೆದ ನೆಲನೆಲ್ಲಿ. ನಿಮ್ಮ ಬಚ್ಚಲ ಹಿಂದೂ ಇದೆ. ಇವರ ಹಳದಿ ಇಳಿಸಿದ್ದು ಇದಲ್ಲ, ಆಸ್ಪತ್ರೇಲಿ ಹಾಕಿದ ಪೈಪು. ಒಳಗೆ ಕ್ಯಾನ್ಸರ್ ಹಾಗೇ ಇದೆ. ಏಳಿ ಇನ್ನು.”

ಭಂಡಿಗಡಿಯ ಒಬ್ಬ ಮುದುಕಿ ಎದೆಗೆ ಹೊಡೆದುಕೊಂಡಳು. “ಅಯ್ಯೋ ಕೊಂದ್ಲಲ್ಲ! ನಿನ್ನ ಬಾಯಿಗೆ ಹುಳ ಬೀಳ!” ಪೈಪು, ಕ್ಯಾನ್ಸರ್ ಯಾರ ಕಿವಿಗೂ ಹೋದ ಹಾಗೆ ಕಾಣಲಿಲ್ಲ. ಹೆಸರು ಮಾತ್ರ ಎಲ್ಲರ ಕಿವಿಗೆ ಹೋಗಿತ್ತು. ಬಾಯಿಗೆ ಹತ್ತಿರ ತಂದವನೊಬ್ಬ ಲೋಟ ಕೆಳಗಿಟ್ಟ. ಇನ್ನೊಬ್ಬ ಬಾಯಲ್ಲಿದ್ದದ್ದನ್ನು ಅಂಗಳಕ್ಕೆ ಉಗಿದ. ಇಷ್ಟು ಹೊತ್ತು ಅಮೃತವಾಗಿದ್ದದ್ದು ಬಚ್ಚಲ ಹಿಂದಿನ ಸೊಪ್ಪಾಯಿತು. ನನ್ನ ಮಾತಿಗೆ ಅಷ್ಟು ಬೆಲೆ ಬಂದದ್ದು ಅದೊಂದೇ ಸಲ.

ಡ್ರೈವರು ಲೋಟವನ್ನು ಜಗಲಿಯ ಅಂಚಿಗೆ ಕುಕ್ಕಿದ. “ಇನ್ನೊಬ್ಬರಿಗೆ ಗುಣ ಆಗೋದು ನೋಡೋಕೆ ಆಗೂದಿಲ್ಲ ಈ ಹೆಂಗಸಿಗೆ” ಎಂದು ಹೆಂಡತಿಗೆ ಹೇಳುತ್ತ ಇಳಿದು ಹೋದ. ಹೆಂಡತಿ ಮಾತ್ರ ಮೆಟ್ಟಿಲಲ್ಲಿ ತಿರುಗಿ ನನ್ನನ್ನು ನೋಡಿದಳು. “ಯಾವ ಆಸ್ಪತ್ರೆ?” ಎಂದಳು. ಹೇಳಿದೆ.

ಜಗಲಿ ಖಾಲಿಯಾಯಿತು. ನಮ್ಮವರು ಕೂತೇ ಇದ್ದರು.

“ನಿಂಗೆ ಬಾಯಿ ನಿಲ್ಲೂದೇ ಇಲ್ಲ” ಎಂದರು.

“ನಿಮ್ಮದು ನಿಂತಿತ್ತಲ್ಲ. ಯಾರಾದ್ರೂ ಆಡ್ಬೇಕಲ್ಲ.”

“ಅಪ್ಪ ಇದ್ದಿದ್ರೆ ನಿನ್ನನ್ನ ಮನೆಯಿಂದ ಹೊರಗೆ ಹಾಕ್ತಿದ್ದ.”

“ಹಾಕಿ ಅರೆಯೋಕೆ ಯಾರನ್ನ ತರ್ತಿದ್ರು?”

ಅವರು ಎದ್ದರು. ಉಳಿದ ಮಜ್ಜಿಗೆಯನ್ನು ಬಾಳೆ ಬುಡಕ್ಕೆ ಚೆಲ್ಲಿ ಬಂದರು. ಕೈ ತೊಳೆದು ಒಳಗೆ ಬಂದು ಕೂತು ಕೇಳಿದರು, “ಹಲಸಿನ ಹಪ್ಪಳ ಉಂಟಾ?” ಭಾನುವಾರ ನಮ್ಮ ಮನೆಯಲ್ಲಿ ಎಣ್ಣೆ ಕಾಯಿಸಿದ್ದು ಅದೇ ಮೊದಲು. ಕರಿದ ವಾಸನೆ ರಸ್ತೆಗೆ ಹೋಗಿರಬೇಕು. ಪಕ್ಕದ ಮನೆಯವಳು ಬೇಲಿಯ ಹತ್ತಿರ ಬಂದು ನೋಡಿ ಒಳಗೆ ಹೋದಳು. ನಮ್ಮವರು ಹಪ್ಪಳ ಮುರಿಯುತ್ತ, “ಉಪ್ಪು ಸ್ವಲ್ಪ ಕಮ್ಮಿ” ಎಂದರು.

ಮಳೆಗಾಲ ಮುಗಿಯುವ ಮುಂಚೆ ಹೋದರು. ಕೊನೆಯಲ್ಲಿ ನೋವು ಬಂತು. ಅದರ ವಿವರ ಬರೆಯುವುದರಿಂದ ಯಾರಿಗೂ ಉಪಕಾರವಿಲ್ಲ. ಕಡಹಿನಬೈಲಿನ ಮುದುಕರು ಉತ್ತರಕ್ರಿಯೆಯ ಬೊಜ್ಜಕ್ಕೆ ಬಂದಿದ್ದರು. ನಿಜವಾಗಿ ದುಃಖಪಟ್ಟರು. ಬಯ್ಯಲು ಇನ್ನು ಯಾರಿದ್ದಾರೆ ಎಂದು ಅವರಿಗೂ ಅನ್ನಿಸಿರಬೇಕು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, “ನೀವು ಹೆಸರು ಹೇಳಿದ್ದು ನಿಮ್ಮ ಮಜ್ಜಿಗೇದಕ್ಕೆ ಮಾತ್ರ ಅಲ್ವಾ? ಹಾಲಿನದ್ದಕ್ಕೆ ತಾಗೂದಿಲ್ಲ ಅಲ್ವಾ?” ಎಂದು ಕೇಳಿದರು. ತಾಗೂದಿಲ್ಲ ಎಂದೆ. ಅವರ ಮದ್ದು ಅವರ ಬಾಯಿಗೆ ಬಿಟ್ಟದ್ದು. ಆದರೆ ಸುಣ್ಣದ ಬಣ್ಣದ ಕಥೆಯನ್ನು ಅವರಿಗೂ ಹೇಳಿ ಕಳಿಸಿದೆ. ಕೇಳಿಸಿಕೊಂಡರು. ಏನು ಮಾಡಿದರೋ ತಿಳಿಯದು.

ಅಂಗಡಿಯನ್ನು ನಾನು ಮುಚ್ಚಲಿಲ್ಲ. ಪ್ಯಾಂಟು ಹೊಸದಾಗಿ ಹೊಲಿಯಲು ಬಾರದು. ರಿಪೇರಿ, ರವಿಕೆ, ಕೊಕ್ಕೆ, ಕಾಜ ಇಷ್ಟು ಸಾಕಾಗುತ್ತಿತ್ತು. ಮರುವರ್ಷದ ಬೇಸಿಗೆಯಲ್ಲಿ ಒಬ್ಬ ಮನುಷ್ಯ ಬಂದು ಮೇಜಿನ ಮೇಲೆ ಒಂದು ಪ್ಯಾಂಟು ಇಟ್ಟ. ಮುಖ ನೋಡುವ ಮೊದಲು ನಾನು ಹೊಲಿಗೆ ನೋಡಿದೆ. ನಮ್ಮವರ ಕೈ. ಸೊಂಟ ಬಿಗಿ ಮಾಡಿದ್ದು.

“ದೊಡ್ಡದು ಮಾಡಿ ಕೊಡಿ. ಮೈ ಬಂದಿದೆ” ಎಂದ ಡ್ರೈವರು.

ಕುರ್ಚಿ ಎಳೆದುಕೊಂಡು ಕೂತು ಅವನೇ ಎಲ್ಲ ಹೇಳಿದ. ಅವತ್ತು ನಮ್ಮ ಜಗಲಿ ಇಳಿದವನು ನೇರ ಕಡಹಿನಬೈಲಿಗೆ ಹೋಗಿ ಮದ್ದು ಕುಡಿದನಂತೆ. ಮಾರನೇ ದಿನ ಹೆಂಡತಿ ಅತ್ತು ಕರೆದು, ಊಟ ಬಿಟ್ಟು, ಆಸ್ಪತ್ರೆಗೆ ಎಳೆದುಕೊಂಡು ಹೋದಳಂತೆ. ಗಡ್ಡೆ ಸಣ್ಣದಿತ್ತು, ಎಲ್ಲಿಗೂ ಹರಡಿರಲಿಲ್ಲ, ಅರ್ಧ ಹೊಟ್ಟೆ ಕೊಯ್ದು ತೆಗೆದರಂತೆ. ಶರ್ಟು ಎತ್ತಿ ತೋರಿಸಿದ. ಪಕ್ಕೆಯಿಂದ ಪಕ್ಕೆಗೆ ಹೊಲಿಗೆ. ಒಳ್ಳೆಯ ಕೈಯವರೇ ಹಾಕಿದ್ದರು. ಮತ್ತೆ ಬರಲೂಬಹುದು, ಆಗಾಗ ಬಂದು ತೋರಿಸು ಎಂದಿದ್ದಾರಂತೆ.

“ಡಾಕ್ಟ್ರೇ ಆಶ್ಚರ್ಯಪಟ್ರು. ಇಂಥದ್ದು ಇಷ್ಟು ಬೇಗ ಸಿಗೂದಿಲ್ಲ, ಹರಡದೆ ನಿಂತದ್ದೇ ದೊಡ್ಡದು ಅಂದ್ರು. ಎಂತಕ್ಕೆ ನಿಂತದ್ದು ಹೇಳಿ?”

“ಎಂತಕ್ಕೆ?”

“ಕಡಹಿನಬೈಲಿನ ಮದ್ದು! ಒಂದೇ ಸಲ ಕುಡಿದದ್ದು, ಹಾಲಲ್ಲಿ. ಅದು ತಡೆದು ಹಿಡೀತು. ಇಲ್ಲದಿದ್ರೆ ಡಾಕ್ಟ್ರಿಗೆ ಕೊಯ್ಯೋಕೆ ಎಲ್ಲಿ ಸಿಗ್ತಿತ್ತು? ನೀವು ಅವತ್ತು ಹಾಗೆ ಮಾಡಿದ್ರಿ. ಹೋಗಲಿ, ನನಗೆ ಸಿಟ್ಟಿಲ್ಲ.”

“ದೊಡ್ಡ ಮನಸ್ಸು ನಿನ್ನದು” ಎಂದೆ.

ಬ್ಲೇಡಿನಲ್ಲಿ ನಮ್ಮವರ ಹೊಲಿಗೆ ಒಂದೊಂದೇ ಬಿಚ್ಚಿದೆ. ಬಿಗಿಯಾದ ಕೈ ಅವರದ್ದು, ನೂಲು ಬೇಗ ಬರಲಿಲ್ಲ. ಒಳಗೆ ಮಡಚಿದ್ದ ಬಟ್ಟೆ ಹೊಸದರ ಹಾಗೆ ಕಪ್ಪಗಿತ್ತು, ಹೊರಗಿನದು ಬಿಸಿಲಿಗೆ ಬಿಳಿಚಿತ್ತು. ಎರಡು ಬಣ್ಣ ಕಾಣುತ್ತದೆ ಎಂದೆ. ಕಾಣಲಿ, ಶರ್ಟು ಹೊರಗೆ ಬಿಡ್ತೀನಿ ಎಂದ. ಆಮೇಲೆ ಸ್ವಲ್ಪ ಬಗ್ಗಿ, ದನಿ ಇಳಿಸಿ ಕೇಳಿದ.

“ನಿಜ ಹೇಳಿ ಅಮ್ಮ. ನಿಮ್ಮ ಮದ್ದು ಪೂರ್ತಿ ಸತ್ತು ಹೋಯ್ತಾ? ನಮ್ಮ ಭಾವನಿಗೆ ಕಣ್ಣು ಹಳದಿ ಆಗಿದೆ.”

ನಾನು ಸೂಜಿಗೆ ನೂಲು ಪೋಣಿಸುತ್ತಿದ್ದೆ.

“ಪೂರ್ತಿ ಸತ್ತಿದೆ. ಕಕ್ಕಸ್ಸು ಯಾವ ಬಣ್ಣ ಅಂತ ಕೇಳ್ಕೊಂಡು ಬಾ” ಎಂದೆ.